ಒಂದೇ ಜಾಗಕ್ಕೆ ಬೀಳುವ ಚೆಂಡು

ಆಷಾಢದಲ್ಲಿ ಅತ್ತೆ ಸೊಸೆಯಾಗಲಿ ಅತ್ತೆ ಅಳಿಯನಾಗಲಿ ಒಂದೇ ಹೊಸ್ತಿಲು ದಾಟಬಾರದು ಎಂಬ ನಿಯಮವನ್ನು ಯಾವ ಪುಣ್ಯಾತ್ಮ ಮಾಡಿದನೋ ಗೊತ್ತಿಲ್ಲ. ಅವನಿಗೆ ಆಗ ಹೊಸದಾಗಿ ಮದುವೆಯಾಗಿರಲಿಲ್ಲ ಎಂಬುದಂತೂ ಖಂಡಿತ. ಮದುವೆಯಾದ ಮೊದಲ ವರ್ಷ ಸೊಸೆ ಆ ತಿಂಗಳು ಅತ್ತೆಯ ಮನೆಯಲ್ಲಿ ಇರುವಂತಿಲ್ಲ, ತವರಿಗೆ ಹೋಗಬೇಕು. ಗಂಡನಾದವನು ಅಲ್ಲಿಗೂ ಹೋಗುವಂತಿಲ್ಲ. ಹೋದರೂ ಬೀದಿಯಲ್ಲೇ ನಿಂತು ಬರಬೇಕು. ಹೊರಗೆ ಗಾಳಿ ಹುಚ್ಚು ಹಿಡಿದ ಹಾಗೆ ಬೀಸುತ್ತಿರುತ್ತದೆ, ಒಳಗೆ ಹುಡುಗಿ ಶ್ರಾವಣ ಯಾವಾಗ ಬಂದೀತೆಂದು ಗೋಡೆಯ ಕ್ಯಾಲೆಂಡರ್ ನೋಡುತ್ತಿರುತ್ತಾಳೆ. ಎಪ್ಪತ್ತೊಂಬತ್ತರ ಆಷಾಢದಲ್ಲಿ ಚನ್ನಗಿರಿಯ ಕಸ್ತೂರಿಯ ಪಾಡೂ ಇದೇ ಆಗಿತ್ತು.

ಕಸ್ತೂರಿಯನ್ನು ಹೊನ್ನಾಳಿಗೆ ಕೊಟ್ಟಿದ್ದರು. ಗಂಡ ಮಹೇಶ್ವರಪ್ಪ, ಗದ್ದೆ ತೋಟ ಇದ್ದ ತುಂಬಿದ ಮನೆಯ ಕಿರೀ ಮಗ. ಬಸವ ಜಯಂತಿ ಕಳೆದ ಮೇಲೆ ಮದುವೆಯಾಯಿತು, ಆಷಾಢ ಹಿಡಿಯುವ ಹೊತ್ತಿಗೆ ತವರಿಗೆ ಕಳಿಸಿದರು. ನಡುವಿನ ಆ ದಿನಗಳಲ್ಲಿ ಗಂಡ ಹೆಂಡತಿ ಎಷ್ಟು ಮಾತಾಡಿದ್ದರು ಅಂದರೆ, ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ಇನ್ನೂ ಜಾಗ ಉಳಿಸಬಹುದಿತ್ತು. ಹಗಲು ಅವನ ಕಡೆ ಕಣ್ಣೆತ್ತಿದರೆ ನೆಗೆಣ್ಣಿಯರು ಕಿಸಕ್ಕನೆ ನಗುವರು. ರಾತ್ರಿ ಪಿಸುಗುಟ್ಟಿದರೆ ಗೋಡೆಯಾಚೆಯಿಂದ ಮಾವನವರ ಕೆಮ್ಮು ಕೇಳುವುದು. "ಊಟ ಆಯ್ತಾ?" "ಹೂಂ." "ದೀಪ ಆರಿಸ್ಲಾ?" "ಹೂಂ." ಇಷ್ಟರಲ್ಲೇ ಸಂಸಾರ.

ಅವನ ಬಗ್ಗೆ ಅವಳಿಗೆ ಗೊತ್ತಿದ್ದದ್ದೆಲ್ಲ ಊರವರ ಬಾಯಿಂದ. ಮಹೇಶ್ವರಪ್ಪ ಹೊನ್ನಾಳಿ ಕ್ರಿಕೆಟ್ ತಂಡದ ವೇಗದ ಬೌಲರ್. ಊರಲ್ಲಿ ಅವನಿಗೆ ಎಕ್ಸ್‌ಪ್ರೆಸ್ ಅಂತಲೇ ಹೆಸರು. ಮೈದಾನದ ಆ ತುದಿಯಿಂದ ಓಡಿ ಬಂದು, ಹಲ್ಲು ಕಚ್ಚಿ ಕಾರ್ಕ್ ಬಾಲ್ ಬೀಸಿದನೆಂದರೆ ಬ್ಯಾಟು ಹಿಡಿದವನಿಗಿರಲಿ, ಹಿಂದೆ ನಿಂತ ಅವನದೇ ಕೀಪರ್‌ಗೂ ಮನೆದೇವರ ನೆನಪಾಗುವುದು. ಅವನ ಓವರ್ ನೋಡಲೆಂದೇ ಜನ ಸೇರುವರು.

ಕಸ್ತೂರಿ ಅದನ್ನು ಒಂದೇ ಒಂದು ಸಲ ನೋಡಿದ್ದಳು. ನೆಗೆಣ್ಣಿಯ ಜೊತೆ ಗುಡಿಗೆ ಹೋಗಿ ಬರುವಾಗ ದಾರಿಯಲ್ಲಿ ಮೈದಾನ. ಕಾಯಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತು ನೋಡಿದಳು. ಒಂದು ಚೆಂಡು ಸ್ಟಂಪನ್ನು ಬುಡಸಮೇತ ಕಿತ್ತು ಹಾಕಿತು, ಜನ ಕೇಕೆ ಹಾಕಿದರು. ಮುಂದಿನದು ಕೀಪರ್ ತಲೆ ಮೇಲೆ ಹಾರಿ ಪಕ್ಕದ ಕಾಲುವೆಯ ನೀರಿಗೆ ಬಿತ್ತು. ಅದರ ಮುಂದಿನದು ಅವನ ಕಾಲ ಬುಡದಲ್ಲೇ ಕುಕ್ಕಿತು. "ಎಂಥ ಜೋರು ನೋಡು ನಿನ್ನ ಗಂಡಂದು!" ಅಂದಳು ನೆಗೆಣ್ಣಿ. ಕಸ್ತೂರಿ ಹೂಂ ಅಂದಳು. ಕಣ್ಣು ಮಾತ್ರ ಅವನ ಕೈ ಮೇಲೆಯೇ ಇತ್ತು. ಅಷ್ಟು ಒಳ್ಳೆ ತೋಳು, ಅಷ್ಟು ಚಂದದ ಓಟ. ಆದರೆ ಚೆಂಡನ್ನು ಒಮ್ಮೆ ಬಿಟ್ಟ ಜಾಗದಲ್ಲಿ ಇನ್ನೊಮ್ಮೆ ಬಿಡುತ್ತಿರಲಿಲ್ಲ. ಕೈ ಕಿವಿಯ ಹಿಂದಿರುವಾಗಲೇ ಒಂದನ್ನು ಬಿಟ್ಟ, ಎದೆಯ ಮಟ್ಟಕ್ಕೆ ಇಳಿದ ಮೇಲೆ ಇನ್ನೊಂದನ್ನು ಬಿಟ್ಟ. ಇದನ್ನು ಹೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಹೊಸ ಸೊಸೆ ಗಂಡನಿಗೆ ಬೌಲಿಂಗ್ ಹೇಳಿಕೊಟ್ಟಳು ಅಂದರೆ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ವರ್ಷಗಟ್ಟಲೆ ನಗುತ್ತಿದ್ದರು. ಮಾತು ನುಂಗಿಕೊಂಡಳು.

ಇವಳಿಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳಬಹುದು. ಚನ್ನಗಿರಿಯ ಅವರ ಮನೆಯ ಹಿಂದೆ ಅಡಿಕೆ ಒಣಗಿಸುವ ದೊಡ್ಡ ಅಂಗಳ. ಅಣ್ಣ ಕಲ್ಲೇಶಪ್ಪನಿಗೆ ಸಣ್ಣಂದಿನಿಂದ ಬ್ಯಾಟಿಂಗ್ ಹುಚ್ಚು, ಚೆಂಡು ಹಾಕಲು ತಂಗಿಯೇ ಗತಿ. ಅಂಗಳದ ಒಂದು ಪಕ್ಕ ಅವ್ವನ ಸಂಡಿಗೆ ಹಪ್ಪಳ, ಇನ್ನೊಂದು ಪಕ್ಕ ಬಾಯ್ತೆರೆದ ಬಾವಿ. ಚೆಂಡು ಆ ಕಡೆ ಹೋದರೆ ಅವ್ವನ ಬೆತ್ತ, ಈ ಕಡೆ ಹೋದರೆ ಆವತ್ತಿನ ಆಟ ಮುಗಿದಂತೆ. ಜೋರಾಗಿ ಹಾಕಲು ಅವಳಲ್ಲಿ ಶಕ್ತಿಯೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಹಾಗಾಗಿ ನೆಟ್ಟಗೆ ಹಾಕುವುದನ್ನು ಕಲಿತಳು. ತೋಳು ಕಿವಿಯನ್ನು ಸವರಿ ಮುಂದೆ ಬರುವ ಆ ಗಳಿಗೆಯಲ್ಲೇ ಬೆರಳು ಬಿಡಬೇಕು, ಮೊದಲೂ ಅಲ್ಲ ಆಮೇಲೂ ಅಲ್ಲ. ವರ್ಷಾನುಗಟ್ಟಲೆ ಹಾಕಿ ಹಾಕಿ, ಕಣ್ಣು ಮುಚ್ಚಿದರೂ ಚೆಂಡು ಅಂಗೈಯಗಲದ ಜಾಗಕ್ಕೇ ಬೀಳುತ್ತಿತ್ತು. ದೊಡ್ಡವಳಾದ ಮೇಲೂ ಅವ್ವ ಕಾಣದ ಹೊತ್ತು ನೋಡಿ ಹಾಕುತ್ತಿದ್ದಳು. ಮದುವೆ ಗೊತ್ತಾದ ದಿನ ಅದು ನಿಂತಿತು. ಅಂಗಳ ಬಿಟ್ಟು ಹೋಗುವಾಗ ಅವಳು ಅತ್ತದ್ದನ್ನು ಎಲ್ಲರೂ ತವರಿನ ಸಂಕಟ ಅಂದುಕೊಂಡರು. ಅರ್ಧ ಅಳು ಆ ಚೆಂಡಿನದು ಎಂದು ಯಾರಿಗೂ ತಿಳಿಯಲಿಲ್ಲ.

ಈಗ ತವರಿಗೆ ಬಂದಾಗಿತ್ತು. ಅಂಗಳ ಇತ್ತು, ಅಣ್ಣ ಇದ್ದ, ಚೆಂಡೂ ಇತ್ತು. ಆದರೆ ವಿಚಿತ್ರ ನೋಡಿ, ಕಸ್ತೂರಿಗೆ ಹೊನ್ನಾಳಿಯ ನೆನಪು ಕಿತ್ತು ತಿನ್ನುತ್ತಿತ್ತು. ನಾಲ್ಕು ಮಾತಾಡದ ಗಂಡನಿಗಾಗಿ ಇಷ್ಟು ಹಂಬಲವೇ ಎಂದು ಅವಳಿಗೇ ನಾಚಿಕೆ. ದೀಪ ಆರಿಸುವ ಮುಂಚೆ ಅವನು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ, ಏನೋ ಹೇಳುವವನ ಹಾಗೆ. ಆ ಹೇಳದೆ ಬಿಟ್ಟ ಮಾತು ಏನಿರಬಹುದೆಂದು ಗಾಳಿಯ ಸದ್ದು ಕೇಳುತ್ತಾ ಯೋಚಿಸುವಳು.

ಅಂಥ ಹೊತ್ತಿನಲ್ಲಿ ಕಲ್ಲೇಶಪ್ಪ ಸುದ್ದಿ ತಂದ. ಆ ವರ್ಷ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೇರಿ ನಾಲ್ಕೂರ ಪಂದ್ಯಾವಳಿ ಇಟ್ಟಿದ್ದರು. ಬರುವ ಭಾನುವಾರ ಚನ್ನಗಿರಿಯಲ್ಲೇ ಚನ್ನಗಿರಿಗೂ ಹೊನ್ನಾಳಿಗೂ ಮ್ಯಾಚು. ಅಣ್ಣ ಈ ಕಡೆ ಮೊದಲ ಬ್ಯಾಟ್ಸ್‌ಮನ್, ಗಂಡ ಆ ಕಡೆ ಮೊದಲ ಬೌಲರ್.

"ಬರ್ತಾರಾ?" ಅಂದಳು ಕಸ್ತೂರಿ. ಕೇಳಿದ ಮೇಲೆ ಅವ್ವನೂ ಅಲ್ಲೇ ಇದ್ದಾಳೆಂದು ನೆನಪಾಗಿ ಮುಖ ಕೆಂಪಾಯಿತು.

ಅವ್ವ ಶಿವಗಂಗಮ್ಮ ಶಾಸ್ತ್ರ ಬಿಡುವವಳಲ್ಲ. ಹಾಗಂತ ಅಳಿಯನನ್ನು ಉಪವಾಸ ಕಳಿಸುವವಳೂ ಅಲ್ಲ. ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟಳು: "ಬೀದಿ ಗೇಟಿಗೆ ಹೊಸ್ತಿಲು ಎಲ್ಲೈತೆ? ಮ್ಯಾಚು ಮುಗಿಸ್ಕೊಂಡು ಬಂದು ಅಲ್ಲಿ ನಿಂತು ಹೋಳಿಗೆ ತಿಂದ್ರೆ ಯಾವ ಶಾಸ್ತ್ರನೂ ಕೆಡಾಕಿಲ್ಲ. ನಾನು ಹಿತ್ತಲಾಗೆ ಇರ್ತೀನಿ. ನೀನೇ ಕೊಡು."

ಆ ದಿನಗಳನ್ನು ಕಸ್ತೂರಿ ನೆಲದ ಮೇಲೆ ಕಾಲಿಡದೆ ಕಳೆದಳು. ಗೇಟಿನ ಹತ್ತಿರ ನಿಂತು ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಸಾಲು ಹಚ್ಚಿದಳು. ಆ ಖುಷಿಯಲ್ಲೇ ಎಡವಿದಳು. ಶನಿವಾರ ಸಂಜೆ ಅಣ್ಣ ಬ್ಯಾಟು ಹಿಡಿದು ಅಂಗಳಕ್ಕೆ ಬಂದ. ಅವನ ಮುಖದಲ್ಲಿ ಭಯ ಎದ್ದು ಕಾಣುತ್ತಿತ್ತು.

"ಭಾವನ ಬಾಲ್ ಹೆಂಗೆ ಆಡೋದೇ ಕಸ್ತೂರಿ? ಕಣ್ಣಿಗೇ ಕಾಣಲ್ವಂತೆ."

"ಆಡಾಕೆ ಯಾಕೆ ಹೋಗ್ತೀಯ?" ಅಂದಳು ಅವಳು, ಚೆಂಡು ಹಾಕುತ್ತಾ, ನಗುತ್ತಾ. "ಸುಮ್ನೆ ನಿಂತ್ಕೋ. ಅವರ ಚೆಂಡು ಎಲ್ಲಿ ಬೀಳ್ತೈತೆ ಅಂತ ಅವರಿಗೇ ಗೊತ್ತಿಲ್ಲ. ನೀನು ಬ್ಯಾಟು ಎತ್ತದಿದ್ರೆ ರನ್ನು ಅವರೇ ಕೊಡ್ತಾರೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಡನ ಕಿವಿಗೆ ಹೇಳಬೇಕಾಗಿದ್ದ ಮಾತನ್ನು ಅವನ ಎದುರಾಳಿಗೆ ಹೇಳಿಬಿಟ್ಟಿದ್ದಳು. ಅಣ್ಣನ ಹತ್ತಿರ ಮಾತಾಡುವಾಗ ಯಾವ ತಂಗಿಗೆ ತಾನು ಬೇರೆ ಊರಿನವಳಾದೆ ಎಂದು ನೆನಪಿರುತ್ತದೆ?

ಭಾನುವಾರ ಮನೆಯ ಹೆಂಗಸರು ಯಾರೂ ಮೈದಾನಕ್ಕೆ ಹೋಗಲಿಲ್ಲ. ಆದರೆ ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು, ಕೂಗೆಲ್ಲ ಮನೆಗೆ ಕೇಳುತ್ತಿತ್ತು. ಒಂದೊಂದು ಕೂಗಿಗೂ ಕಸ್ತೂರಿ ಯಾರ ಪರ ಖುಷಿಪಡಬೇಕೆಂದು ತಿಳಿಯದೆ ತಬ್ಬಿಬ್ಬಾದಳು. ಮಧ್ಯೆ ದೊಡ್ಡ ನಗು ಕೇಳಿಸಿತು, ಮೈದಾನಕ್ಕೆ ಮೈದಾನವೇ ನಕ್ಕ ಹಾಗೆ. ಅದು ಯಾಕೋ ಹಿಡಿಸಲಿಲ್ಲ. ಹೊತ್ತು ಇಳಿಯುವ ಮುಂಚೆಯೇ ಹೋಳಿಗೆ ಡಬ್ಬಿ ಹಿಡಿದು ಗೇಟಿಗೆ ಹೋಗಿ ನಿಂತಳು. ಹೊನ್ನಾಳಿ ಬಸ್ಸಿನ ಹಾರ್ನ್ ಕೇಳಿತು, ಬಸ್ಸು ಹೋಗಿಯೂ ಹೋಯಿತು. ಅವಳು ನಿಂತೇ ಇದ್ದಳು.

ಬಂದದ್ದು ಅಣ್ಣ. "ಗೆದ್ವಿ ಕಸ್ತೂರಿ! ನೀನು ಹೇಳಿದಂಗೇ ಆತು. ಸುಮ್ನೆ ನಿಂತ್ಕಂಡೆ, ಭಾವ ವೈಡು ಮೇಲೆ ವೈಡು ಹಾಕಿದ್ರು."

"ಅವರೆಲ್ಲಿ?"

"ಬಸ್ ಹತ್ತಿದ್ರು. ಸ್ವಲ್ಪ ಸಿಟ್ಟು ಬಂದಂಗಿತ್ತು." ಅಣ್ಣನ ದನಿ ಇಳಿಯಿತು. "ಒಂದು ತಮಾಷಿ ಮಾಡ್ದೆ ಕಣೆ. 'ಭಾವ, ಬ್ಯಾಟು ಎತ್ತಬ್ಯಾಡ, ರನ್ನು ಅವರೇ ಕೊಡ್ತಾರೆ ಅಂತ ನಿಮ್ಮ ಮನೆಯೋರೇ ಹೇಳಿ ಕಳಿಸ್ಯಾರೆ' ಅಂದೆ. ಎಲ್ಲಾರೂ ನಕ್ಕರು. ಅಂಪೈರೂ ನಕ್ಕ."

ಬೀಗರ ನಡುವೆ ಇಷ್ಟು ಹಾಸ್ಯ ಇದ್ದದ್ದೇ ಎಂಬುದು ಕಲ್ಲೇಶಪ್ಪನ ಲೆಕ್ಕ. ಅವನು ಕೆಟ್ಟವನಲ್ಲ, ಬಾಯಿಗೆ ಬೀಗ ಇಲ್ಲ ಅಷ್ಟೆ. ಕಸ್ತೂರಿ ಅವನನ್ನು ಬೈಯಲೂ ಇಲ್ಲ. ಒಳಗೆ ಹೋಗಿ ಡಬ್ಬಿ ಇಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅವನು ಹೇಳದೆ ಉಳಿಸಿದ್ದ ಮಾತು ಇನ್ನು ಯಾವತ್ತೂ ಕೇಳಿಸಲಾರದು ಅನ್ನಿಸಿ ದುಃಖ ಒತ್ತರಿಸಿ ಬಂತು.

ಶ್ರಾವಣ ಬಂತು. ಪದ್ಧತಿಯಂತೆ ಗಂಡನೇ ಬಂದು ಕರೆದುಕೊಂಡು ಹೋಗಬೇಕು. ಮೊದಲ ಸೋಮವಾರ ಅವ್ವ ಹಬ್ಬದಡಿಗೆ ಮಾಡಿ ಹಾದಿ ನೋಡಿದಳು, ಯಾರೂ ಬರಲಿಲ್ಲ. ಎರಡನೆಯ ಸೋಮವಾರವೂ ಇಲ್ಲ. "ನಾಟಿ ಕೆಲಸ ಇರಬೇಕು" ಅಂದಳು ಅವ್ವ ತನಗೇ ಸಮಾಧಾನ ಹೇಳಿಕೊಳ್ಳುವಂತೆ. ಬೀದಿಯ ಹೆಂಗಸರು "ಇನ್ನೂ ಹೋಗಿಲ್ವೇನೇ?" ಅಂತ ಕೇಳಲು ಶುರು ಮಾಡಿದರು. ಕೆಲವರ ಪ್ರಶ್ನೆಯಲ್ಲಿ ಕಾಳಜಿ ಇತ್ತು. ಕೆಲವರಿಗೆ ಕಾಫಿ ಜೊತೆ ಏನಾದರೂ ಬೇಕಿತ್ತು.

ಆಮೇಲೆ ಒಂದು ಸಂಜೆ ಕಲ್ಲೇಶಪ್ಪ ನ್ಯಾಮತಿಯಿಂದ ಬಂದ. ಅಲ್ಲಿ ಹೊನ್ನಾಳಿಗೂ ನ್ಯಾಮತಿಗೂ ಮ್ಯಾಚಿತ್ತು, ನೋಡಲು ಹೋಗಿದ್ದ. ಚಪ್ಪಲಿ ಬಿಡುತ್ತಲೇ ತಂಗಿಯನ್ನು ಕರೆದ.

"ಭಾವ ಬದಲಾಗ್ಯಾರೆ ಕಸ್ತೂರಿ. ಆ ಉದ್ದಾನೆ ಓಟ ಇಲ್ಲ. ನಾಕು ಹೆಜ್ಜೆ ಬಂದು ಮೆತ್ತಗೆ ಹಾಕ್ತಾರೆ. ನೆಟ್ಟಗೆ ಹಾಕಾಕೆ ನೋಡ್ತಾರೆ, ಆಗ್ತಿಲ್ಲ. ನ್ಯಾಮತಿಯೋರು ಹೊಡದೇ ಹೊಡದ್ರು. 'ಎಕ್ಸ್‌ಪ್ರೆಸ್ ಕೆಟ್ಟು ಪ್ಯಾಸೆಂಜರ್ ಆತು' ಅಂತ ಅವರೂರೋರೇ ನಗ್ತಾರೆ. ಆದ್ರೂ ಬಿಡ್ತಿಲ್ಲ, ಹಂಗೇ ಹಾಕ್ತಾರೆ."

ಕಸ್ತೂರಿ ಕಂಬ ಹಿಡಿದು ಕೂತಳು. ಅವನು ಸಿಟ್ಟು ಮಾಡಿಕೊಂಡು ಅವಳ ಮಾತನ್ನು ಎಸೆದಿರಲಿಲ್ಲ. ಎತ್ತಿಟ್ಟುಕೊಂಡಿದ್ದ. ಊರೆಲ್ಲ ನಕ್ಕರೂ ಆ ಮಾತಿನ ಪ್ರಕಾರ ನಡೆಯಲು ಒಬ್ಬನೇ ಒದ್ದಾಡುತ್ತಿದ್ದ. ಆದರೆ ಅವಳು ಹೇಳಿದ್ದು ತಪ್ಪು ಯಾವುದೆಂದು ಮಾತ್ರ, ಅದನ್ನು ತಿದ್ದುವುದು ಹೇಗೆಂದು ಹೇಳಿರಲಿಲ್ಲ. ಅದು ಅವಳ ಬೆರಳಲ್ಲೇ ಉಳಿದಿತ್ತು, ಚನ್ನಗಿರಿಯಲ್ಲಿ.

"ಮುಂದಿನ ಮ್ಯಾಚು ಎಲ್ಲಿ?"

"ಬರೋ ಭಾನುವಾರ. ಜಗಳೂರಾಗೆ."

"ನನ್ನ ಕರ್ಕೊಂಡು ಹೋಗಣ್ಣ."

ಶಿವಗಂಗಮ್ಮ ಒಳಗಿಂದಲೇ ಕೇಳಿಸಿಕೊಂಡು ಬಂದಳು. "ಕರಿಯಾಕೆ ಬರದೆ ಹೆಣ್ಣುಮಗಳು ತಾನಾಗೇ ಗಂಡನ ಹಿಂದೆ ಹೋದ್ರೆ ಜನ ಏನಂತಾರೆ?"

"ನಾನು ಗಂಡನ ಮನೆಗೆ ಹೋಗ್ತಿಲ್ಲವ್ವ. ಜಗಳೂರು ಶಾಂತಾದೇವಿ ಚಿಕ್ಕಮ್ಮನ ಮನೆಗೆ ಹೋಗ್ತೀನಿ. ಚಿಕ್ಕಮ್ಮನ ಮನೆಗೆ ಹೋಗಾಕೂ ಯಾರಾದ್ರೂ ಬಂದು ಕರೀಬೇಕಾ?"

ಗೇಟಿಗೆ ಹೊಸ್ತಿಲಿಲ್ಲ ಎಂದು ಶಾಸ್ತ್ರದಲ್ಲಿ ಸಂದಿ ಹುಡುಕಿದವಳಿಗೆ ಮಗಳು ಹುಡುಕಿದ ಸಂದಿಯನ್ನು ಮುಚ್ಚಲಾಗಲಿಲ್ಲ. ಅವ್ವ ತುಸು ಹೊತ್ತು ಮಗಳ ಮುಖವನ್ನೇ ನೋಡಿ, "ತಲೆ ಬಾಚ್ಕೊಂಡು ಹೋಗು, ಹಿಂಗೆ ಹೋಗಬ್ಯಾಡ" ಅಂದಳು.

ಜಗಳೂರು ಬಯಲು ಸೀಮೆ. ಶ್ರಾವಣದಲ್ಲೂ ಮೋಡ ಬರುತ್ತದೆ, ಇಣುಕಿ ನೋಡುತ್ತದೆ, ಹೋಗುತ್ತದೆ. ಗಾಳಿ ಮಾತ್ರ ಧಾರಾಳ. ಕೆಂಪು ಧೂಳಿನ ಮೈದಾನದ ನಡುವೆ ತೆಂಗಿನ ನಾರಿನ ಮ್ಯಾಟು ಹಾಸಿ ಮೊಳೆ ಹೊಡೆಯುತ್ತಿದ್ದರು. ಹೊನ್ನಾಳಿಯ ಹುಡುಗರೆಲ್ಲ ಮರದ ಕೆಳಗೆ ಮಂಡಕ್ಕಿ ತಿನ್ನುತ್ತಿದ್ದರೆ, ಮಹೇಶ್ವರಪ್ಪ ಒಬ್ಬನೇ ದೂರದ ಮೂಲೆಯಲ್ಲಿ ಒಂದು ಸ್ಟಂಪು ನೆಟ್ಟು ಚೆಂಡು ಹಾಕುತ್ತಿದ್ದ. ಹಾಕುವುದು, ತಪ್ಪುವುದು, ತಾನೇ ಹೋಗಿ ಎತ್ತಿಕೊಂಡು ಬರುವುದು. ಮೊದಲಿಗಿಂತ ಸೊರಗಿದ್ದ.

"ನಾನು ಬರಲ್ಲಪ್ಪ," ಅಂದ ಕಲ್ಲೇಶಪ್ಪ ಚಹಾದಂಗಡಿ ಹತ್ತಿರವೇ ನಿಂತು. "ನನ್ನ ನೋಡಿದ್ರೆ ಸೀದಾ ಮುಖಕ್ಕೇ ಹಾಕ್ತಾರೆ."

"ಹಾಕಿದ್ರೂ ನಿನಗೆ ತಾಗಾಕಿಲ್ಲ ಬಿಡು," ಅಂದವಳೇ ಕಸ್ತೂರಿ ನಾಲಿಗೆ ಕಚ್ಚಿಕೊಂಡಳು. ಬುದ್ಧಿ ಬಂದಿರಲಿಲ್ಲ ನೋಡಿ.

ಮೈದಾನದ ಅಂಚು ಹಿಡಿದು ನಡೆದಳು. ಅವನು ಚೆಂಡು ಎತ್ತಿಕೊಂಡು ತಿರುಗಿದವನು ಹಾಗೇ ನಿಂತ. ಅವಳು ಸಾಲು ಹಚ್ಚಿಟ್ಟಿದ್ದ ಮಾತೆಲ್ಲ ಗಾಳಿಗೆ ಹೋಯಿತು.

"ತಪ್ಪಾತು ರೀ," ಅಂದಳು. "ಅಣ್ಣನ ಹತ್ರ ಹಂಗೆ ಹೇಳಬಾರದಿತ್ತು."

"ಹೇಳಿದ್ದು ಸುಳ್ಳಾ?"

ಅವಳು ತಲೆ ತಗ್ಗಿಸಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ನನಗೇ ಹೇಳಬೇಕಿತ್ತು," ಅಂದ ಅವನು. ಆ ಮಾತಿನಲ್ಲಿ ಸಿಟ್ಟಿಗಿಂತ ನೋವಿತ್ತು.

"ಯಾವಾಗ ಹೇಳಬೇಕಿತ್ತು? ಮಾವನೋರು ಕೆಮ್ಮೋ ಮುಂಚೆನಾ, ಕೆಮ್ಮಿದ ಮ್ಯಾಲಾ?"

ಮಹೇಶ್ವರಪ್ಪನಿಗೆ ನಗು ಬಂತು, ತಡೆದುಕೊಂಡ. ಚೆಂಡನ್ನು ಕೈಯಿಂದ ಕೈಗೆ ಹಾಕುತ್ತಾ ಮೆಲ್ಲಗೆ ಹೇಳಿದ: "ಆವತ್ತು ನಿಮ್ಮೂರಾಗೆ ಮೈದಾನದ ಕಾಂಪೌಂಡಿನ ಆಚೆ ಒಂದು ಗುಲಾಬಿ ಸೀರೆ ನಿಂತಿತ್ತು. ನೀನೇ ಅನ್ಕೊಂಡೆ. ಮೈಯಾಗಿದ್ದ ಶಕ್ತಿಯೆಲ್ಲಾ ಹಾಕಿ ಹಾಕಿ ಬಿಟ್ಟೆ. ಜೋರಾಗಿ ಹಾಕಿದಷ್ಟೂ ಆ ಕಡೆ ಈ ಕಡೆ ಹೋತು."

"ನನ್ನ ಹತ್ರ ಗುಲಾಬಿ ಸೀರೆನೇ ಇಲ್ಲ ರೀ."

"ನಿನ್ನ ಹತ್ರ ಯಾವ ಸೀರೆ ಐತೆ ಅಂತ ನನಗೆ ಹೆಂಗೆ ಗೊತ್ತಾಗಬೇಕು? ಮನ್ಯಾಗೆ ನಿನ್ನ ನೋಡಾಕೆ ಬಿಟ್ರೆ ತಾನೇ!"

ಇಡೀ ಆಷಾಢ ಕಸ್ತೂರಿ ತಾನೊಬ್ಬಳೇ ಹಂಬಲಿಸಿದೆ ಅಂದುಕೊಂಡಿದ್ದಳು. ಇಲ್ಲಿ ಇವನು ಯಾರದೋ ಸೀರೆಗೆ ಓವರ್‌ಗಟ್ಟಲೆ ಚೆಂಡು ಹಾಕಿ ಮಾನ ಕಳೆದುಕೊಂಡಿದ್ದ. ಅವಳು ಚೆಂಡಿಗೆ ಕೈ ಚಾಚಿದಳು. ಅವನು ಚೆಂಡು ಕೊಟ್ಟ.

ಕರವಸ್ತ್ರವನ್ನು ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎರಡು ಹೆಜ್ಜೆ ಬಂದು ಬಿಟ್ಟಳು. ಚೆಂಡು ಕರವಸ್ತ್ರದ ಮೇಲೆ ಬಿದ್ದು ಸ್ಟಂಪಿಗೆ ಬಡಿಯಿತು. ಅವನು ತಂದುಕೊಟ್ಟು, "ಇನ್ನೊಂದು" ಅಂದ. ಅದೂ ಅಲ್ಲಿಗೇ ಬಿತ್ತು. "ಇನ್ನೊಂದು." ಅಡ್ಡಗಾಳಿ ಧೂಳೆಬ್ಬಿಸಿತು, ಚೆಂಡು ಅಲ್ಲಿಗೇ ಬಿತ್ತು. ಅವನು ಕರವಸ್ತ್ರ ನೋಡುವುದು ಬಿಟ್ಟು ಅವಳನ್ನು ನೋಡತೊಡಗಿದ್ದ.

"ಬಲ ಎಲ್ಲಾ ತೋಳಿಗೆ ಹಾಕಬ್ಯಾಡ್ರಿ," ಅಂದಳು. ಅವನ ಕೈ ಹಿಡಿದು ಮೇಲೆತ್ತಿ, ಕಿವಿಯ ಪಕ್ಕದಿಂದ ಮುಂದೆ ತಂದು ನಿಲ್ಲಿಸಿದಳು. "ಇಲ್ಲಿ. ದಿನಾ ಇಲ್ಲೇ. ಬ್ಯಾರೆ ಎಲ್ಲಿ ಬಿಡಬೇಕು ಅನ್ನಿಸಿದ್ರೂ ಇಲ್ಲೇ ಬಿಡ್ರಿ." ಹಗಲು ಹೊತ್ತಿನಲ್ಲಿ, ಬಯಲಲ್ಲಿ, ಗಂಡನ ಕೈ ಹಿಡಿದು ನಿಂತಿದ್ದೇನೆಂದು ಅವಳಿಗೆ ಆಮೇಲೆ ಹೊಳೆಯಿತು. ಅಷ್ಟರಲ್ಲಿ ಮರದ ಕೆಳಗಿನವರು ಅವನನ್ನು ಕೂಗಿದರು. ಅವನು ಹೋದ. ಮನೆಗೆ ಬಾ ಎಂದಾಗಲಿ ಕರೆಯಲು ಬರುತ್ತೇನೆ ಎಂದಾಗಲಿ ಹೇಳಲಿಲ್ಲ.

ಮ್ಯಾಚು ಶುರುವಾಯಿತು. ಕಸ್ತೂರಿ ಅಣ್ಣನ ಪಕ್ಕ ನಿಂತಳು. ಮೊದಮೊದಲು ಅವನ ಚೆಂಡು ಆಚೀಚೆ ಹೋಯಿತು, ಜನ ನಕ್ಕರು. ಆಮೇಲೆ ಒಂದು ಅಲ್ಲಿಗೆ ಬಿತ್ತು, ಇನ್ನೊಂದೂ ಅಲ್ಲಿಗೇ ಬಿತ್ತು. ಜಗಳೂರಿನ ಬ್ಯಾಟ್ಸ್‌ಮನ್ ತಡೆದ, ತಡೆದ, ಸಾಕಾಗಿ ಒಮ್ಮೆ ಬೀಸಿದ, ಸ್ಟಂಪು ಹೋಯಿತು. ಮತ್ತೆ ಅದೇ ಜಾಗ. "ಏನ್ರೀ ಇದು, ಒಂದೇ ಕಡೆ ಹಾಕ್ತಾನೆ, ನೋಡಾಕೆ ಬ್ಯಾಸರ" ಎಂದು ಕಡ್ಲೆಕಾಯಿ ತಿನ್ನುತ್ತಿದ್ದವನೊಬ್ಬ ಎದ್ದು ಹೋದ. ಕಸ್ತೂರಿಗೆ ಬೇಸರವಾಗಲಿಲ್ಲ. ಒಂದೊಂದು ಚೆಂಡಿಗೂ ಸೆರಗಿನ ಒಳಗೆ ಅವಳ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಅಲ್ಲಿ ಮ್ಯಾಟಿನ ಮೇಲೆ ತಾನೇ ಇರಬಾರದಿತ್ತೇ ಎಂಬ ಆಸೆ, ಅಲ್ಲಿರುವವನು ತನ್ನವನು ಎಂಬ ಹೆಮ್ಮೆ, ಎರಡೂ ಒಟ್ಟಿಗೆ ಎದೆಯಲ್ಲಿ ಕಿತ್ತಾಡಿದವು.

ಯಾರು ಗೆದ್ದರೆಂದು ಅವಳು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅವನು ಬೆವರು ಒರೆಸಿಕೊಳ್ಳುತ್ತಾ ಸೀದಾ ಅವಳ ಕಡೆ ಬಂದ. ಕಲ್ಲೇಶಪ್ಪ ಇನ್ನೊಂದು ಚಹಾ ಕುಡಿಯುವ ನೆಪದಲ್ಲಿ ಜಾಗ ಖಾಲಿ ಮಾಡಿದ.

"ನಮ್ಮ ಹಿತ್ತಲಾಗೆ ಜಾಗ ಐತೆ," ಅಂದ ಮಹೇಶ್ವರಪ್ಪ. "ಆದ್ರೆ ಗೋಡೆ ಗಿಡ್ಡ, ಆಚೆಗೇ ಹೊಳೆ. ತಪ್ಪಿದ್ರೆ ಚೆಂಡು ಸಿಗಾಕಿಲ್ಲ. ನಿನಗೇನು ಬಿಡು, ನಿಂದು ಯಾವತ್ತೂ ತಪ್ಪಿರಲಿಕ್ಕಿಲ್ಲ."

"ಒಂದು ಸಲ ತಪ್ಪೈತೆ ರೀ."

"ಯಾವಾಗ?"

"ಶ್ರಾವಣದ ಮೊದಲ ಸೋಮವಾರ," ಅಂದಳು ಕಸ್ತೂರಿ. "ಸಂಜೆ ತನಕ ನಿಮ್ಮ ಹಾದಿ ನೋಡಿದೆ. ಕೊನೆ ಬಸ್ಸೂ ಹೋತು. ಕೂರಾಕಾಗದೆ ಅಂಗಳಕ್ಕೆ ಹೋಗಿ ಒಂದು ಚೆಂಡು ಹಾಕ್ದೆ. ಬಾವಿಗೆ ಬಿತ್ತು."

ಮಹೇಶ್ವರಪ್ಪ ದೀಪ ಆರಿಸುವ ಮುಂಚೆ ನಿಲ್ಲುತ್ತಿದ್ದ ಹಾಗೇ ನಿಂತಿದ್ದ. ಅವಳು ಕಾದಳು.

"ನಾಳೆ ಮೊದಲ ಬಸ್ಸಿಗೆ ಬರ್ತೀನಿ," ಅಂದ. "ಗೇಟಿನ ಹತ್ರ ಅಲ್ಲ. ಒಳಗೆ ಬರ್ತೀನಿ."